ಕಾಲ ಶುರುವಾದ ದಿನದ ಹಿಂದಿನ ದಿನ ಏನಿತ್ತು?

ತೋಟದ ಮನೆ, ತೀರ್ಥಹಳ್ಳಿ:
ಮಗಳು ಶಿವಮೊಗ್ಗದಲ್ಲಿ ಪಿಯುಸಿ. ರಜೆಗೆ ಬಂದಿದ್ದಾಳೆ. ರಾತ್ರಿ ಎಲ್ಲರೂ ಅಡಿಕೆ ಸುಲಿಯುತ್ತಾ ಕೂತಿದ್ದಾಗ, ಜಗತ್ತು 1380 ಕೋಟಿ ವರ್ಷದ ಹಿಂದೆ ಶುರುವಾಯಿತು, ಕಾಲ ಮತ್ತು ಜಾಗ ಕೂಡ ಆವಾಗಲೇ ಹುಟ್ಟಿದ್ದು ಎಂದಳು. ನಮ್ಮಮ್ಮ ಮೆಟ್ಟುಗತ್ತಿಯಿಂದ ತಲೆ ಎತ್ತದೆ, "ಹಂಗಾದ್ರೆ ಅದರ ಹಿಂದಿನ ದಿನ ಏನಿತ್ತೇ?" ಎಂದು ಕೇಳಿದರು. ಹಿಂದಿನ ದಿನವೇ ಇರಲಿಲ್ಲ ಅಜ್ಜಿ ಎಂದಳು. ಅಮ್ಮ ಒಪ್ಪಲಿಲ್ಲ, ನಿಜ ಹೇಳಬೇಕೆಂದರೆ ನಾನೂ ಒಪ್ಪಲಿಲ್ಲ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಸಾಗರದವ:
ಮಗಳು ಹೇಳಿದ್ದು ಸರಿ. ಉತ್ತರ ಧ್ರುವದಲ್ಲಿ ನಿಂತು ಇನ್ನೂ ಉತ್ತರಕ್ಕೆ ಏನಿದೆ ಎಂದು ಕೇಳಿದ ಹಾಗೆ ಅದು. ಭೌತವಿಜ್ಞಾನಿ ಹಾಕಿಂಗ್ ಹೇಳಿದ್ದು. ಮುಗೀತು.

ಹಳೇ ಫಿಸಿಕ್ಸ್:
ಅಷ್ಟು ಬೇಗ ಮುಗಿಯಲ್ಲ ಮಾರಾಯ್ರೆ. ಆ ಧ್ರುವದ ಹೋಲಿಕೆಯ ಹಿಂದೆ ಹಾರ್ಟಲ್ ಮತ್ತು ಹಾಕಿಂಗ್ 1983ರಲ್ಲಿ ಮುಂದಿಟ್ಟದ್ದು ಒಂದು ಪ್ರಸ್ತಾಪ, ಸಾಬೀತಾದ ಮಾತಲ್ಲ.

ಗಟ್ಟಿಯಾಗಿ ಗೊತ್ತಿರುವುದು ಇಷ್ಟು. ಜಗತ್ತು ಹಿಗ್ಗುತ್ತಿದೆ. 1927ರಲ್ಲಿ ಲೆಮೈತ್ರ್ ಲೆಕ್ಕ ಹಾಕಿದರು, 1929ರಲ್ಲಿ ಹಬಲ್ ಅಳತೆ ಕೊಟ್ಟರು. ಅಂದರೆ ಹಿಂದೆ ಹೋದಷ್ಟೂ ಎಲ್ಲ ಒತ್ತೊತ್ತಾಗಿತ್ತು, ಬಿಸಿಯಾಗಿತ್ತು. ಆ ಬಿಸಿಯ ಉಳಿಕೆ ಈಗಲೂ ಆಕಾಶದ ತುಂಬ ಇದೆ, ಬರೀ 2.7 ಕೆಲ್ವಿನ್‌ಗೆ (ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್) ಆರಿದೆ. ಆಗುಂಬೆ ಘಾಟಿಯಲ್ಲಿ ಮಂಜು ಬಿದ್ದಾಗ ಹೆಡ್‌ಲೈಟ್ ಹಾಕಿದರೂ ಮುಂದಿನ ತಿರುವು ಕಾಣಲ್ಲ ಅಲ್ವಾ? ಹಾಗೆಯೇ ಮೊದಲ 3.8 ಲಕ್ಷ ವರ್ಷ ಜಗತ್ತಿನಲ್ಲಿ ಬೆಳಕು ಮುಂದೆ ಹೋಗಲಾರದಷ್ಟು ಮಬ್ಬು. ಅದರಾಚೆಯದನ್ನು ಬೆಳಕಿನಿಂದ ನೋಡಲಾಗದು, ಲೆಕ್ಕದಿಂದ ಹೋಗಬೇಕು.

ಆ ಲೆಕ್ಕ ಐನ್‌ಸ್ಟೈನ್‌ದು, ಗುರುತ್ವಾಕರ್ಷಣೆಯದು. ಕೊಲ್ಕತ್ತಾದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಒಂದು ಸಮೀಕರಣ ಬರೆದರು (ನಮ್ಮ ಪಠ್ಯದಲ್ಲಿ ಇವರ ಹೆಸರೇ ಇರಲಿಲ್ಲ, ಅದು ಬೇರೆ ಬೇಜಾರು). ಅದನ್ನು ಬಳಸಿಕೊಂಡೇ ಪೆನ್‌ರೋಸ್ ಮತ್ತು ಹಾಕಿಂಗ್ 1970ರಲ್ಲಿ, ಕೆಲವು ಷರತ್ತು ಒಪ್ಪಿದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ದಾರಿ ಎಲ್ಲೋ ಕಡಿದುಹೋಗಲೇಬೇಕು ಎಂದು ತೋರಿಸಿದರು. ಜನ ಇದನ್ನೇ "ಕಾಲದ ಹುಟ್ಟು" ಎಂದು ಓದಿಕೊಂಡರು. ಆದರೆ ದಾರಿ ಕಡಿದಲ್ಲಿ ಸಾಂದ್ರತೆ ಅನಂತ ಎಂದು ಬರುತ್ತದೆ, ಮತ್ತು ಲೆಕ್ಕದಲ್ಲಿ ಅನಂತ ಬಂತೆಂದರೆ ಸಾಮಾನ್ಯವಾಗಿ ಲೆಕ್ಕವೇ ಕೆಟ್ಟಿದೆ ಎಂದರ್ಥ, ಏಕೆಂದರೆ ಅಷ್ಟು ಸಣ್ಣದರಲ್ಲಿ ಕ್ವಾಂಟಂ ನಿಯಮ (ಪರಮಾಣುವಿನಂಥ ಅತಿ ಸಣ್ಣದರ ನಿಯಮ) ಬೇಕು, ಅದು ಐನ್‌ಸ್ಟೈನ್ ಲೆಕ್ಕದಲ್ಲಿ ಇಲ್ಲ. ದಶಮಾಂಶ ಬಿಂದುವಿನ ಮುಂದೆ 43 ಸೊನ್ನೆ ಹಾಕಿ ಆಮೇಲೆ 5 ಬರೆದರೆ ಎಷ್ಟಾಯಿತೋ, ಶುರುವಿಗೆ ಅಷ್ಟು ಸೆಕೆಂಡಿಗಿಂತ ಹತ್ತಿರ ಹೋದರೆ ಆ ಲೆಕ್ಕವನ್ನು ನಂಬುವ ಹಾಗಿಲ್ಲ.

ಇನ್ನೊಂದು. ಖಾಲಿ ಕೋಣೆಯಲ್ಲಿ ಪಟಾಕಿ ಹೊಡೆದ ಹಾಗೆ ಅಲ್ಲ ಜಗತ್ತಿನ ಹಿಗ್ಗುವಿಕೆ. ಕೋಣೆಯೇ ಹಿಗ್ಗುತ್ತಿರುವುದು.

ಕೊಪ್ಪದ ಭಟ್ಟ:
ಋಗ್ವೇದದ ನಾಸದೀಯ ಸೂಕ್ತದಲ್ಲಿ ಇದೆಲ್ಲ ಆಗಲೇ ಇದೆ.

ಹಳೇ ಫಿಸಿಕ್ಸ್:
ಅದರಲ್ಲಿ ಇರುವುದು ಪ್ರಶ್ನೆ ಭಟ್ರೆ. ಮೇಲಿರುವವನಿಗೂ ಗೊತ್ತೋ ಇಲ್ಲವೋ ಎಂದು ನಿಲ್ಲಿಸುತ್ತದೆ. ನನಗೆ ಇಷ್ಟ ಅದು, ಆದರೆ 2.7 ಕೆಲ್ವಿನ್ ಅದರಲ್ಲಿ ಸಿಗಲ್ಲ.

ಕುಪ್ಪಳಿ ಕಡೆಯವಳು:
ಎರಡು ಮಾತು ಸೇರಿಸುತ್ತೇನೆ. 2003ರಲ್ಲಿ ಬೋರ್ಡ್, ಗೂತ್, ವಿಲೆಂಕಿನ್ ಎಂಬ ಮೂವರು ಭೌತವಿಜ್ಞಾನಿಗಳು, ಸರಾಸರಿಯಲ್ಲಿ ಹಿಗ್ಗುತ್ತಲೇ ಬಂದ ಜಗತ್ತನ್ನು ಹಿಂದಕ್ಕೆ ಕೊನೆಯಿಲ್ಲದೆ ಎಳೆಯಲಾಗದು ಎಂದು ತೋರಿಸಿದರು. ಆದರೆ ಮೊದಲು ಕುಗ್ಗುತ್ತಿದ್ದು ಆಮೇಲೆ ಹಿಗ್ಗಿದ್ದರೆ ಈ ಮಾತು ತಾಗುವುದಿಲ್ಲ. ಭೌತವಿಜ್ಞಾನಿ ಅಭಯ್ ಅಷ್ಟೇಕರ್ ಮತ್ತು ಜೊತೆಗಾರರು 2006ರಲ್ಲಿ ಮಾಡಿದ ಲೆಕ್ಕದಲ್ಲಿ ಹೀಗೇ ಬರುತ್ತದೆ: ಕುಗ್ಗಿ ಕುಗ್ಗಿ, ಚೆಂಡಿನ ಹಾಗೆ ಪುಟಿದು ಹಿಗ್ಗುತ್ತದೆ. ಅದರಲ್ಲಿ ಅಮ್ಮನವರ "ಹಿಂದಿನ ದಿನ" ಇದೆ! ಯಾವುದು ನಿಜ ಎನ್ನಲು ಪುರಾವೆ ಮಾತ್ರ ಇನ್ನೂ ಬಂದಿಲ್ಲ.

ತೋಟದ ಮನೆ, ತೀರ್ಥಹಳ್ಳಿ:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಈಗ ಹೊಸ ಪ್ರಶ್ನೆ: ಆ ಕುಗ್ಗೋದು ಯಾವಾಗ ಶುರುವಾಯಿತಂತೆ?

ಕುಪ್ಪಳಿ ಕಡೆಯವಳು:
ಅಷ್ಟೇಕರ್ ಅವರ ಸರಳ ಮಾದರಿಯಲ್ಲಿ ಅದಕ್ಕೆ ಶುರುವೇ ಇಲ್ಲ, ಹಿಂದಕ್ಕೆ ಹೋಗುತ್ತಲೇ ಇರುತ್ತದೆ. ಅಮ್ಮ ಇದನ್ನೂ ಒಪ್ಪುವ ಹಾಗೆ ಕಾಣಲ್ಲ.