‘ವೇಗವರ್ಧಕ ಕಾರ್ಡ್’ ಎನ್ನುವುದು ಸರಿಯೇ? ವಿಡಿಯೊ ಸಂಕಲನದ ಒಂದು ಪದದ ಬಗ್ಗೆ

ಪದಚರ್ಚೆಯ ಗೆಳೆಯರೆಲ್ಲರಿಗೂ ನಮಸ್ಕಾರ.

ಎಚ್‌ಡಿ ವಿಡಿಯೊ ಸಂಕಲನ ಮಾಡುವವರು ಕಂಪ್ಯೂಟರಿಗೆ ಹಾಕಿಸಿಕೊಳ್ಳುವ ಹಾರ್ಡ್‌ವೇರ್ ಆಕ್ಸಿಲರೇಷನ್ ಕಾರ್ಡ್‌ಗೆ (ಪ್ರೊಸೆಸರಿನ ಕೆಲವು ಕೆಲಸಗಳನ್ನು ತಾನು ವಹಿಸಿಕೊಳ್ಳುವ, ಗ್ರಾಫಿಕ್ಸ್ ಕಾರ್ಡಿನಂಥ ಫಲಕಕ್ಕೆ) ಕನ್ನಡದಲ್ಲಿ ಏನೆನ್ನಬೇಕು? ಮೂರು ವರ್ಷಗಳ ಹಿಂದೆ, ಮದುವೆ ವಿಡಿಯೊ ಮಾಡುವ ಹುಡುಗರಿಗೆಂದು ನಾನೊಂದು ಸಣ್ಣ ಕೈಪಿಡಿ ಬರೆದಾಗ ಅದನ್ನು ‘ವೇಗವರ್ಧಕ ಕಾರ್ಡ್’ ಎಂದು ಕರೆದಿದ್ದೆ. ಈಗ ಎರಡನೆಯ ಮುದ್ರಣಕ್ಕೆ ತಿದ್ದುತ್ತಿದ್ದೇನೆ. ಆ ಪದ ಓದುಗನಿಗೆ ತಪ್ಪು ದಾರಿ ತೋರಿಸುತ್ತದೆ ಎಂಬುದು ಖಾತ್ರಿಯಾಗಿದೆ. ಅದರ ಜಾಗದಲ್ಲಿ ಯಾವುದನ್ನು ಕೂರಿಸಬೇಕು ಎಂಬುದಕ್ಕೆ ನಿಮ್ಮ ನೆರವು ಬೇಕು.

ಖಾತ್ರಿಯಾದದ್ದು ಹೀಗೆ. ನನ್ನ ಸೋದರಳಿಯ ಅರಸೀಕೆರೆಯಲ್ಲಿ ಒಂದು ಸ್ಟುಡಿಯೊ ನಡೆಸುತ್ತಾನೆ. ಕಳೆದ ಮಾಘದ ಮದುವೆಗಳಿಗೆಂದು ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡ. ಅದರ ವಿಡಿಯೊ 10 ಬಿಟ್, 4:2:2, ಎಚ್.265 ರೂಪದ್ದು. (ಎಚ್.265 ಎಂದರೆ ವಿಡಿಯೊವನ್ನು ಒತ್ತಿ ಅಡಕಗೊಳಿಸುವ ಒಂದು ವಿಧಾನ; 10 ಬಿಟ್, 4:2:2 ಎಂಬವು ಅದರಲ್ಲಿ ಬಣ್ಣದ ವಿವರ ಎಷ್ಟಿದೆ ಎಂಬುದರ ಅಳತೆಗಳು.) ಹಳೆಯ ಕಂಪ್ಯೂಟರಿನಲ್ಲಿ ಅದು ಓಡಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೊಸ ಪ್ರೊಸೆಸರನ್ನೂ ಅದಕ್ಕಿಂತ ದುಬಾರಿಯಾದ ಗ್ರಾಫಿಕ್ಸ್ ಕಾರ್ಡನ್ನೂ ತಂದ. ಕಾರ್ಡಿಗೆ ಹಣ ಹೊಂದಿಸಬೇಕಿತ್ತಲ್ಲ, ಪ್ರೊಸೆಸರಿನಲ್ಲಿ ಸ್ವಲ್ಪ ಉಳಿಸಿ, ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರನ್ನು ಆರಿಸಿದ. ನಾನು ಹೋದ ದಿನ ಧಾರೆಯ ದೃಶ್ಯವನ್ನು ಟೈಮ್‌ಲೈನಿಗೆ, ಅಂದರೆ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ, ಎಳೆದು ತೋರಿಸಿದ. ಪುರೋಹಿತರ ಮಂತ್ರ ಸರಾಗವಾಗಿ ಕೇಳುತ್ತಿತ್ತು. ಹಾಲು ಎರೆಯುವ ಕೈ ಮಾತ್ರ ಗಾಳಿಯಲ್ಲಿ ನಿಂತುಬಿಡುತ್ತಿತ್ತು, ಆಮೇಲೆ ಒಮ್ಮೆಗೇ ಕೆಳಗೆ ಜಿಗಿಯುತ್ತಿತ್ತು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದೆವು. ಪ್ರೊಸೆಸರಿನ ಗೆರೆ ನೆತ್ತಿ ಮುಟ್ಟಿತ್ತು. ಗ್ರಾಫಿಕ್ಸ್ ಕಾರ್ಡಿನ ಪುಟದಲ್ಲಿ ‘ವಿಡಿಯೊ ಡಿಕೋಡ್’ ಎಂಬ ಚೌಕದ ಗೆರೆ ನೆಲ ಬಿಟ್ಟು ಏಳಲೇ ಇಲ್ಲ.

“ಮಾವ, ವೇಗವರ್ಧಕ ಕಾರ್ಡ್ ಹಾಕಿದರೆ ಸಂಕಲನದ ವೇಗ ಹೆಚ್ಚುತ್ತದೆ ಎಂದು ನೀವೇ ಬರೆದಿದ್ದಿರಲ್ಲ?” ಎಂದು ಕೇಳಿದ. ಹೌದು, ಬರೆದಿದ್ದೆ.

ಕಾರ್ಡಿನಲ್ಲಿ ದೋಷವೇನೂ ಇರಲಿಲ್ಲ. ಎಚ್.265 ಬಿಡಿಸುವುದಕ್ಕೆಂದೇ, ಅಂದರೆ ಡಿಕೋಡ್ ಮಾಡುವುದಕ್ಕೆಂದೇ, ಅದರೊಳಗೆ ಪ್ರತ್ಯೇಕ ಸರ್ಕ್ಯೂಟ್ ಇದೆ. ಆದರೆ 4:2:2 ರೂಪವನ್ನು ಅದು ಮುಟ್ಟುವುದಿಲ್ಲ. ಮುಟ್ಟದೆ ಬಿಟ್ಟ ಕೆಲಸವೆಲ್ಲ ಪ್ರೊಸೆಸರಿನ ತಲೆಯ ಮೇಲೆ ಬೀಳುತ್ತದೆ. ಇಂಟೆಲ್‌ನ 11ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಂದ ಈಚೆಗೆ, ಅವುಗಳ ಒಳಗೇ ಇರುವ ಗ್ರಾಫಿಕ್ಸ್ ಭಾಗ ಆ ಕೆಲಸವನ್ನು ಮಾಡುತ್ತದೆ. ‘ಎಫ್’ ಎಂದರೆ ಆ ಒಳಭಾಗ ಇಲ್ಲ ಎಂದು ಅರ್ಥ. ಅಂದರೆ ನನ್ನ ಅಳಿಯ, ತನಗೆ ಬೇಕಾಗಿದ್ದದ್ದನ್ನು ಬಿಟ್ಟು, ಬೇರೆ ಕೆಲಸಕ್ಕೆ ಒದಗುವುದಕ್ಕೆ ಹೆಚ್ಚು ಹಣ ಕೊಟ್ಟು ಬಂದಿದ್ದ. ಎಂಟು ದಿನದ ಮೇಲೆ ‘ಎಫ್’ ಇಲ್ಲದ ಪ್ರೊಸೆಸರ್ ಹಾಕಿಸಿದ. ಅದೇ ಧಾರೆ ನೀರು ಹರಿದಂತೆ ಹರಿಯಿತು. (2025ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳಲ್ಲಿ 4:2:2 ಬಿಡಿಸುವ ಸವಲತ್ತು ಸೇರಿದೆ. ಹೊಸದಾಗಿ ಕೊಳ್ಳುವವರು ಗಮನಿಸಬಹುದು.)

ಈಗ ಪದಕ್ಕೆ ಬರುತ್ತೇನೆ.

ಶಾಲೆಯ ಭೌತವಿಜ್ಞಾನದಲ್ಲಿ ಆಕ್ಸಿಲರೇಷನ್ ಎಂದರೆ ವೇಗೋತ್ಕರ್ಷ. ಅಲ್ಲಿ ಅದು ಒಪ್ಪುವ ಪದ. ಕ್ಷಣಕ್ಷಣಕ್ಕೂ ವೇಗ ಏರುವುದನ್ನು ಹೇಳುತ್ತದೆ. ಕಾರ್ಡಿನ ವಿಷಯದಲ್ಲಿ ಏರುವಂಥದ್ದು ಏನೂ ಇಲ್ಲ. ವೇಗವರ್ಧಕ ಎಂಬುದು ರಸಾಯನವಿಜ್ಞಾನದಲ್ಲಿ ಕ್ರಿಯಾವರ್ಧಕಕ್ಕೆ ಜೊತೆಯಾಗಿ ಬಳಕೆಯಲ್ಲಿದೆ: ತಾನು ಖರ್ಚಾಗದೆ ಬೇರೆಯದರ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಇದು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಕಾರ್ಡು ಪ್ರೊಸೆಸರನ್ನು ಚುರುಕುಗೊಳಿಸುವುದಿಲ್ಲ. ಅದರ ಕೈಯಿಂದ ಒಂದು ಕೆಲಸವನ್ನು ತಾನು ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳುವುದಿದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ.

ಮದುವೆ ಮನೆಯ ಅಡುಗೆಯನ್ನೇ ನೋಡಿ. ಹೋಳಿಗೆ ತಟ್ಟುವುದಕ್ಕೆಂದೇ ಕೆಲವರು ಬರುತ್ತಾರೆ. ಮುಖ್ಯ ಅಡುಗೆಯವರು ಒಂದು ತಟ್ಟುವಷ್ಟರಲ್ಲಿ ಅವರು ಹತ್ತು ತಟ್ಟುತ್ತಾರೆ. ಅವರು ಬಂದರೆಂದು ಸಾರು ಬೇಗ ಕುದಿಯುವುದಿಲ್ಲ. ಆದರೆ ಭಟ್ಟರ ಎರಡು ಕೈ ಸಾರಿಗೆ ಬಿಡುವಾಗುತ್ತದೆ. ಅವರನ್ನು ನಾವು ‘ಅಡುಗೆಯ ವೇಗವರ್ಧಕರು’ ಎನ್ನುವುದಿಲ್ಲ. ‘ಹೋಳಿಗೆಗೆ ಬಂದವರು’ ಎನ್ನುತ್ತೇವೆ. ಯಾವುದಕ್ಕೆ ಬಂದವರು ಎಂಬುದು ಹೆಸರಿನಲ್ಲಿಯೇ ಇದೆ.

ಸಂಕಲನದಲ್ಲಿ ಅಂಥ ಕೆಲಸಗಳು ಮುಖ್ಯವಾಗಿ ಮೂರು: ಕ್ಯಾಮೆರಾದ ಅಡಕವಾದ ವಿಡಿಯೊವನ್ನು ಬಿಡಿಸುವುದು, ಬಣ್ಣ ಮತ್ತು ಪರಿಣಾಮಗಳನ್ನು ಲೆಕ್ಕ ಹಾಕುವುದು, ಕೊನೆಗೆ ಮತ್ತೆ ಅಡಕವಾಗಿ ಕಟ್ಟುವುದು. ಮೊದಲನೆಯದರ ಹೊರೆ ಎಷ್ಟೆಂದು ಹೊರಗಿನವರಿಗೆ ಅಂದಾಜಾಗುವುದಿಲ್ಲ. ಎಚ್‌ಡಿಯ ಒಂದು ಚೌಕಟ್ಟಿನಲ್ಲಿ 1920 ಗುಣಿಸು 1080, ಅಂದರೆ 20,73,600 ಚುಕ್ಕಿಗಳು. ಚುಕ್ಕಿಗೆ ಮೂರು ಬೈಟ್, ಸೆಕೆಂಡಿಗೆ 25 ಚೌಕಟ್ಟು ಎಂದರೆ ಸೆಕೆಂಡಿಗೆ ಹದಿನೈದೂವರೆ ಕೋಟಿ ಬೈಟ್. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಹೊರತಂದ ಎವಿಸಿಎಚ್‌ಡಿ ರೂಪದಲ್ಲಿ ಇದನ್ನು ಸೆಕೆಂಡಿಗೆ ಸುಮಾರು 30 ಲಕ್ಷ ಬೈಟಿಗೆ ಇಳಿಸುತ್ತಿದ್ದರು. ಐವತ್ತರಲ್ಲಿ ಒಂದು ಪಾಲು! ಇಷ್ಟು ಒತ್ತಿ ತುಂಬಿದ್ದನ್ನು ಬಿಡಿಸಲು ಅಕ್ಕಪಕ್ಕದ ಚೌಕಟ್ಟುಗಳನ್ನೂ ನೋಡಬೇಕು, ಏಕೆಂದರೆ ಹೆಚ್ಚಿನ ಚೌಕಟ್ಟುಗಳಲ್ಲಿ ಬರೆದಿರುವುದು ಬದಲಾದದ್ದು ಮಾತ್ರ. ನೋಡುವವನು ಮುಂದಕ್ಕಷ್ಟೇ ಹೋಗುತ್ತಾನೆ. ಸಂಕಲನಕಾರ ಹಿಂದೆ ಮುಂದೆ ಎಳೆದಾಡುತ್ತಾನೆ. ಸಿನಿಮಾ ನೋಡಲು ಸಾಕಾದ ಕಂಪ್ಯೂಟರು ಸಂಕಲನಕ್ಕೆ ಸಾಲದಿರುವುದು ಇದರಿಂದಲೇ.

ಎರಡನೆಯ ಕೆಲಸಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡೇ ಬೇಕು. 2010ರಲ್ಲಿ ಅಡೋಬಿಯ ಸಂಕಲನ ತಂತ್ರಾಂಶ ಪ್ರೀಮಿಯರ್ ಸಿಎಸ್5 ಬಂದಾಗ, ಕಾರ್ಡಿನಿಂದ ಲೆಕ್ಕ ಮಾಡಿಸುವ ಎನ್ವಿಡಿಯಾದ ಕುಡಾ ವ್ಯವಸ್ಥೆಯ ಮೂಲಕ ಇಂಥ ಲೆಕ್ಕಗಳನ್ನು ಕಾರ್ಡಿಗೆ ಒಪ್ಪಿಸಿತು, ಟೈಮ್‌ಲೈನಿನ ಮೇಲಿನ ಎಷ್ಟೋ ಕೆಂಪು ಗೆರೆಗಳು ಹಳದಿಯಾದವು, ಅಂದರೆ ಮೊದಲೇ ಸಿದ್ಧಪಡಿಸಿಡದೆಯೂ ಆ ಭಾಗಗಳು ಓಡುವಂತಾದವು. ಹಾಗೆಂದು ಬಿಡಿಸುವ ಕೆಲಸ ಅದರಿಂದ ಹಗುರವಾಗಲಿಲ್ಲ. ಈ ಎರಡನ್ನೂ ಒಂದೇ ‘ವೇಗವರ್ಧನೆ’ಯೊಳಗೆ ತುಂಬಿದ್ದೇ ನನ್ನ ಕೈಪಿಡಿಯ ತಪ್ಪು.

ಆದ್ದರಿಂದ ನನ್ನ ಸೂಚನೆ: ಒತ್ತಾಸೆ. ‘ಅವನಿಗೆ ಅಣ್ಣನ ಒತ್ತಾಸೆ ಇದೆ’, ‘ಊರಿನ ಶಾಲೆಗೆ ಒತ್ತಾಸೆಯಾಗಿ ನಿಂತರು’ ಎನ್ನುತ್ತೇವೆ. ಈ ಪದದಲ್ಲಿ ನನಗೆ ಹಿಡಿಸಿದ್ದು ಅದರ ವ್ಯಾಕರಣ. ವೇಗವರ್ಧಕ ಎಂದರೆ ಅಲ್ಲಿಗೆ ಮಾತು ಮುಗಿಯಿತು, ಕೇಳುವವನು ತಲೆಯಾಡಿಸಿ ಹಣ ಎಣಿಸುತ್ತಾನೆ. ಒತ್ತಾಸೆ ಎಂದೊಡನೆ ‘ಯಾವುದಕ್ಕೆ?’ ಎಂದು ಚತುರ್ಥಿ ವಿಭಕ್ತಿ ಬಾಯಿ ತೆರೆಯುತ್ತದೆ. ‘ಎಚ್.264 ಬಿಡಿಸುವುದಕ್ಕೆ ಒತ್ತಾಸೆ ಇದೆ, 10 ಬಿಟ್ 4:2:2ಗೆ ಇಲ್ಲ’ ಎಂದು ಬರೆಯಬಹುದು. ಅಂಗಡಿಯಲ್ಲಿ ನಿಂತ ಹುಡುಗ ಕೇಳಬೇಕಾದ ಪ್ರಶ್ನೆಯೂ ಅದೇ.

ಆಕ್ಷೇಪಣೆಗಳೂ ನನಗೆ ಹೊಳೆದಿವೆ. ‘ಗೆಳೆಯರ ಒತ್ತಾಸೆಯಿಂದ ಚುನಾವಣೆಗೆ ನಿಂತರು’ ಎನ್ನುವಲ್ಲಿ ಒತ್ತಾಸೆಗೆ ಒತ್ತಾಯದ ಛಾಯೆ ಬರುತ್ತದೆ. ಅದು ಇಲ್ಲಿ ಅಡ್ಡ ಬಂದೀತೇ? ಇನ್ನೊಂದು, ಸಪೋರ್ಟ್ ಎಂಬುದಕ್ಕೆ ತಂತ್ರಾಂಶದವರು ಈಗಾಗಲೇ ‘ಬೆಂಬಲ’ ಎನ್ನುತ್ತಾರೆ, ಒತ್ತಾಸೆ ಅದರ ನೆರಳಿನಲ್ಲಿ ಮಸುಕಾದೀತೇ? ಗಾರೆ ಕೆಲಸದಿಂದ ‘ಕೈಯಾಳು’ ಎಂಬ ಪದವನ್ನೂ ತೂಗಿ ನೋಡಿದೆ. ಆದರೆ ಕೈಯಾಳು ಮೇಸ್ತ್ರಿ ಹೇಳಿದ್ದನ್ನೆಲ್ಲ ಮಾಡಬೇಕಾದವನು. ಇಲ್ಲಿನ ಸರ್ಕ್ಯೂಟಿಗೆ ಬರುವುದು ಒಂದೇ ವಿದ್ಯೆ, ಅದರಲ್ಲಿ ಮೇಸ್ತ್ರಿಗಿಂತ ಜಾಣ. ಬಿಟ್ಟುಬಿಟ್ಟೆ.

ಮೇಲೆ ‘ಬಿಡಿಸು’, ‘ಕಟ್ಟು’ ಎಂದು ಬಳಸಿದ್ದನ್ನು ನೀವು ಗಮನಿಸಿರುತ್ತೀರಿ. ಡಿಕೋಡ್, ಎನ್‌ಕೋಡ್‌ಗಳಿಗೆ ‘ವಿಸಂಕೇತನ’, ‘ಸಂಕೇತನ’ ಎಂಬ ರೂಪಗಳಿವೆ. ಸ್ಟುಡಿಯೊದಲ್ಲಿ ಯಾರ ಬಾಯಲ್ಲೂ ಅವನ್ನು ಕೇಳಿಲ್ಲ. ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಮೂಟೆ ಕಟ್ಟುತ್ತೇವೆ. ಹೊಸ ಪ್ರೊಸೆಸರ್ ಹಾಕಿಸಿದ ದಿನ ಅಳಿಯ ಫೋನಿನಲ್ಲಿ ತಾನಾಗಿಯೇ “ಈಗ ಒಳಗಿನ ಗ್ರಾಫಿಕ್ಸೇ ಬಿಡಿಸಿ ಕೊಡುತ್ತಿದೆ ಮಾವ” ಎಂದ. ನಾನು ಹೇಳಿಕೊಟ್ಟದ್ದಲ್ಲ. ಒಂದು ತೊಡಕಿದೆ: ‘ಚಿತ್ರ ಬಿಡಿಸು’ ಎಂದರೆ ಚಿತ್ರ ಬರೆಯುವುದು. ವಿಡಿಯೊ ಚಿತ್ರವೇ ಆದ್ದರಿಂದ ಹೊಸಬರಿಗೆ ಗೊಂದಲವಾಗಬಹುದು. ‘ಅಡಕ ಬಿಡಿಸು’ ಎಂದು ಎರಡು ಪದ ಸೇರಿಸಿದರೆ ಸರಿಹೋಗುತ್ತದೆ ಎಂದು ನನ್ನ ಎಣಿಕೆ.

ರೆಂಡರನ್ನು (ಸಂಕಲನವಾದದ್ದನ್ನು ಕಂಪ್ಯೂಟರು ಲೆಕ್ಕ ಹಾಕಿ ಸಿದ್ಧ ವಿಡಿಯೊ ಮಾಡುವುದನ್ನು) ಹಾಗೆಯೇ ಬಿಡುತ್ತೇನೆ. ‘ರೆಂಡರಿಗೆ ಹಾಕಿ ಊಟಕ್ಕೆ ಬಾ’ ಎನ್ನುವ ಮಾತಿನಲ್ಲಿ ಅದು ‘ಅಕ್ಕಿ ನೆನೆಗೆ ಹಾಕು’ ಎಂಬಷ್ಟೇ ಕನ್ನಡವಾಗಿದೆ. ಎಡಿಟಿಂಗಿಗೆ ಸಂಪಾದನೆ ಬೇಡ, ಅದು ಪುಸ್ತಕ ಪತ್ರಿಕೆಗಳದ್ದು; ನಮ್ಮ ಸಿನಿಮಾದವರ ಸಂಕಲನವೇ ಇರಲಿ.

ಕಾರ್ಡ್ ಎಂಬುದರ ಬಗ್ಗೆಯೂ ಒಂದು ಮಾತು. ಟೇಪಿನ ಕಾಲದಲ್ಲಿ, ಕೋಬೆಯ ಕ್ಯಾನೋಪಸ್ ಅಥವಾ ಕೆನಡಾದ ಮ್ಯಾಟ್ರಾಕ್ಸ್‌ನ ಫಲಕ ಹಾಕಿಸಿಕೊಂಡವರು ಅದನ್ನು ಎಡಿಟಿಂಗ್ ಕಾರ್ಡ್ ಎನ್ನುತ್ತಿದ್ದರು. ಆಗ ಅದು ನಿಜವಾಗಿಯೂ ಕೈಯಲ್ಲಿ ಹಿಡಿಯುವ ವಸ್ತು. 2019ರಲ್ಲಿ ಆಪಲ್ ತನ್ನ ಮ್ಯಾಕ್ ಪ್ರೊ ಕಂಪ್ಯೂಟರಿಗಾಗಿ, ಪ್ರೊರೆಸ್ ಎಂಬ ತನ್ನ ವಿಡಿಯೊ ರೂಪವನ್ನು ಬಿಡಿಸುವುದಕ್ಕೆಂದೇ ಆಫ್ಟರ್‌ಬರ್ನರ್ ಎಂಬ ಪ್ರತ್ಯೇಕ ಕಾರ್ಡ್ ತಂದಿತು. ಎರಡೇ ವರ್ಷದಲ್ಲಿ, ಆಪಲ್‌ನದೇ ಎಂ1 ಪ್ರೊ ಚಿಪ್ಪಿನ ಒಂದು ಮೂಲೆಯಲ್ಲಿ ಪ್ರೊರೆಸ್‌ನ ಆ ಕೆಲಸ ಸೇರಿಹೋಯಿತು. ಅಳಿಯನಿಗೆ ಬೇಕಾಗಿದ್ದ ಒತ್ತಾಸೆಯೂ ಕಾರ್ಡಿನಲ್ಲಿ ಇರಲಿಲ್ಲ, ಪ್ರೊಸೆಸರಿನೊಳಗೇ ಇತ್ತು. ಹಾಗಾಗಿ ‘ಒತ್ತಾಸೆ ಕಾರ್ಡ್’ ಎಂದು ಹೆಸರಿಡದೆ, ‘ಯಂತ್ರದ ಒತ್ತಾಸೆ’ ಎಂದಷ್ಟೇ ಬರೆದು, ಅದು ಕಾರ್ಡಿನಲ್ಲಾದರೂ ಇರಬಹುದು, ಪ್ರೊಸೆಸರಿನಲ್ಲಾದರೂ ಇರಬಹುದು ಎಂದು ಬಿಡಿಸಿ ಹೇಳಲು ಯೋಚಿಸಿದ್ದೇನೆ.

ಕೈಪಿಡಿಗೆ ಬರೆದಿರುವ ಕರಡು ಇದು:

“ಕೊಳ್ಳುವ ಮುನ್ನ ನಿಮ್ಮ ಕ್ಯಾಮೆರಾದ ವಿಡಿಯೊ ಯಾವ ರೂಪದ್ದು, ಎಷ್ಟು ಬಿಟ್, 4:2:0 ಅಥವಾ 4:2:2 ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆ ರೂಪದ ಅಡಕ ಬಿಡಿಸುವುದಕ್ಕೆ ಯಂತ್ರದ ಒತ್ತಾಸೆ ಎಲ್ಲಿ ಸಿಗುತ್ತದೆ, ಕಾರ್ಡಿನಲ್ಲೋ ಪ್ರೊಸೆಸರಿನಲ್ಲೋ, ಎಂದು ಕೇಳಿ. ನೀವು ಬಳಸುವ ತಂತ್ರಾಂಶ ಆ ಒತ್ತಾಸೆಯನ್ನು ಪಡೆಯಬಲ್ಲದೇ ಎಂದೂ ಕೇಳಿ. ಬೆಲೆಯ ಮಾತು ಆಮೇಲೆ.”

ಇದರಲ್ಲಿ ಎಲ್ಲಿ ನಾಲಿಗೆ ತೊಡರುತ್ತದೆ ಹೇಳಿ. ಮುಖ್ಯವಾಗಿ ಧಾರವಾಡ, ಕಲಬುರಗಿ ಮತ್ತು ಕರಾವಳಿಯ ಗೆಳೆಯರು, ನಿಮ್ಮ ಕಡೆ ಒತ್ತಾಸೆ ಎಂದರೆ ಮೊದಲು ನೆರವು ಎಂದು ಹೊಳೆಯುತ್ತದೆಯೋ ಒತ್ತಾಯ ಎಂದೋ, ತಿಳಿಸಿ. ಮುದ್ರಣಕ್ಕೆ ಕೊಡಲು ಇನ್ನೂ ಮೂರು ವಾರ ಇದೆ.