ಕಾರಿನ ಪ್ರೈಮರ್ ಉಜ್ಜಲು ಎಷ್ಟು ನಂಬರ್ ಸ್ಯಾಂಡ್ ಪೇಪರ್? ಮಳೆಗಾಲದಲ್ಲಿ ನೀರು ಹಾಕಬಹುದಾ?

ಪ್ರಶ್ನೆ: ಅಣ್ಣ, ನಾವು ಮಲ್ಪೆಯವರು. ಸಿಲ್ವರ್ ಕಾರಿನ ಮುಂದಿನ ಫೆಂಡರಿಗೆ ಪುಟ್ಟಿ ಹಾಕಿ, ಮೇಲೆ 2ಕೆ ಪ್ರೈಮರ್ (ಗಟ್ಟಿಯಾಗಲಿಕ್ಕೆ ಹಾರ್ಡನರ್ ಬೆರೆಸಿ ಹೊಡೆಯುವುದು) ಮೂರು ಕೋಟ್ ಹೊಡೆದು ಎರಡು ದಿನ ಆಯ್ತು. ಅಂಗಡಿಯಲ್ಲಿ 220 ನಂಬರ್ ಪೇಪರ್ ಕೊಟ್ಟಿದ್ದಾರೆ. ಅದು ಸಾಕಾ? ನೀರು ಹಾಕಿ ಉಜ್ಜಿದರೆ ತೊಂದರೆ ಉಂಟಾ?

ಉತ್ತರ: 220 ಬೇಡ ಮಾರಾಯ್ರೆ. ನಂಬರ್ ಕಡಿಮೆಯಾದಷ್ಟು ಪೇಪರ್ ಒರಟು, ಅದರ ಗೀರು ಆಳ. ಬಣ್ಣ ಹೊಡೆದ ದಿನ ಕಾಣುವುದಿಲ್ಲ. ಥಿನ್ನರ್ ಪೂರ್ತಿ ಆರಿ ಬಣ್ಣ ಕುಗ್ಗಿ ಕೂತ ಮೇಲೆ ಒಂದೊಂದೇ ಗೀರು ಎದ್ದು ಬರುತ್ತದೆ. ಸಿಲ್ವರಿನಲ್ಲಿ ಇನ್ನೂ ಜಾಸ್ತಿ ಕಾಣುತ್ತದೆ.

ಮೊದಲು ಒಂದು ಮೂಲೆಯಲ್ಲಿ 400 ನಂಬರ್ ಪೇಪರ್ ಒಣಗೇ ಎಳೆದು ನೋಡಿ. ಅಕ್ಕಿಹಿಟ್ಟಿನ ಹಾಗೆ ಪುಡಿ ಉದುರಿದರೆ ಪ್ರೈಮರ್ ಗಟ್ಟಿಯಾಗಿದೆ. ಪೇಪರಿಗೆ ಅಂಟಿ ಉಂಡೆ ಕಟ್ಟಿದರೆ ಇನ್ನೂ ಹಸಿ. ಮಳೆಯ ತಂಪಿಗೆ ಹೀಗಾಗುವುದುಂಟು, ಇನ್ನೊಂದು ದಿನ ಬಿಡಿ. ಆಮೇಲೂ ಮೆತ್ತಗಿದ್ದರೆ ಹಾರ್ಡನರ್ ಕಡಿಮೆ ಬಿದ್ದಿದೆ ಎಂದೇ ತಿಳಿಯಿರಿ. ಅದನ್ನು ತೆಗೆದು ಪುನಃ ಹೊಡೆಯಬೇಕು, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಗಟ್ಟಿಯಾಗಿದ್ದರೆ ಕಪ್ಪು ಸ್ಪ್ರೇಯನ್ನು ಒಂದೂವರೆ ಅಡಿ ದೂರದಿಂದ ಮಂಜಿನ ಹಾಗೆ ತೆಳುವಾಗಿ ಬಿಡಿ. ಅದು ಆರಿದ ಮೇಲೆ ರಬ್ಬರ್ ಬ್ಲಾಕಿಗೆ 400 ಸುತ್ತಿ ಓರೆಯಾಗಿ ಎಳೆಯಿರಿ, ಆಮೇಲೆ ಅದಕ್ಕೆ ಅಡ್ಡಲಾಗಿ. ಬರೀ ಬೆರಳಿನಲ್ಲಿ ಒತ್ತಿದರೆ ಬೆರಳಿನ ಸಾಲೇ ಪ್ರೈಮರಿನಲ್ಲಿ ಕೂತುಬಿಡುತ್ತದೆ. ಕಪ್ಪು ಹೋದ ಕಡೆ ಸಮ ಆಯ್ತು, ಅಲ್ಲಿ ಕೈ ನಿಲ್ಲಿಸಿ. ಕಪ್ಪು ಉಳಿದ ಕಡೆ ತಗ್ಗು. ಅದನ್ನು ಅಳಿಸಲಿಕ್ಕೆಂದು ಅಲ್ಲೇ ತಿಕ್ಕಬೇಡಿ, ತಗ್ಗು ಇನ್ನೂ ಆಳವಾಗುತ್ತದೆ. ಅಲ್ಲಿಗೆ ಪುನಃ ಪ್ರೈಮರ್ ಕೊಡಿ. 400 ಮುಗಿದ ಮೇಲೆ 600, ಸಿಲ್ವರಿಗೆ ಕೊನೆಯದು 800.

ಇನ್ನು ನೀರಿನ ವಿಷಯ. ಗಟ್ಟಿಯಾದ 2ಕೆ ಪ್ರೈಮರಿಗೆ ನೀರಿನಿಂದ ಏನೂ ಆಗುವುದಿಲ್ಲ. ಅಪಾಯ ಇರುವುದು ಪುಟ್ಟಿಗೆ. ಎಲ್ಲಾದರೂ ಪ್ರೈಮರ್ ಸವೆದು ಪುಟ್ಟಿ ಇಣುಕಿದರೆ ಅದು ನೀರು ಹೀರುತ್ತದೆ, ಈ ಹವೆಗೆ ಬೇಗ ಆರುವುದೂ ಇಲ್ಲ. ಕೆಲವು ವಾರ ಕಳೆದು ಬಣ್ಣದಡಿ ಗುಳ್ಳೆ, ಕೆಳಗೆ ತುಕ್ಕು. ಹಾಗಾಗಿ 400, 600 ಎರಡನ್ನೂ ಒಣಗೇ ಮುಗಿಸಿ. ಪುಟ್ಟಿ, ತಗಡು ಎಲ್ಲೂ ಕಾಣದಿದ್ದರೆ ಮಾತ್ರ 800ಕ್ಕೆ ನೀರು ಹಾಕಿ. ಬಾವಿ ನೀರು ಸ್ವಲ್ಪವಾದರೂ ಉಪ್ಪಾಗಿದ್ದರೆ ಅದನ್ನು ಮುಟ್ಟಲೇಬೇಡಿ. ಒಣಗಿದ ಮೇಲೆ ಉಳಿಯುವ ಉಪ್ಪು ತೇವ ಎಳೆದು ಗುಳ್ಳೆ ಎಬ್ಬಿಸುತ್ತದೆ.

ಪ್ರಶ್ನೆ: ಉಜ್ಜುವಾಗ ಫೆಂಡರಿನ ಉಬ್ಬುಗೆರೆಯಲ್ಲಿ ನಾಣ್ಯದಷ್ಟು ತಗಡು ಕಂಡಿತು. ಬಣ್ಣ ಹೊಡೆದರೆ ಮುಚ್ಚಿಹೋಗುವುದಿಲ್ಲವಾ?

ಉತ್ತರ: ಮುಚ್ಚುತ್ತದೆ, ಆದರೆ ನಿಲ್ಲುವುದಿಲ್ಲ. ಬೇಸ್ ಕೋಟ್, ಅಂದರೆ ಬಣ್ಣದ ಪದರ, ಬರೀ ತಗಡನ್ನು ಹಿಡಿಯುವುದಿಲ್ಲ, ಸುತ್ತಲಿನ ಅಂಚೂ ಉಂಗುರದ ಹಾಗೆ ಕಾಣುತ್ತದೆ. ಆ ಜಾಗಕ್ಕೆ 320 ಎಳೆದು ಅಂಚು ತೆಳ್ಳಗೆ ಮಾಡಿ, ಒರಸಿ, ತಗಡನ್ನು ಹಿಡಿದು ನಿಲ್ಲುವ ಎಪಾಕ್ಸಿ ಪ್ರೈಮರ್ ಕೊಡಿ, ಅದರ ಮೇಲೆ 2ಕೆ. ಇವತ್ತೇ ಮಾಡಿ. ಕಡಲ ಗಾಳಿಗೆ ಒಂದು ರಾತ್ರಿ ತೆರೆದಿಟ್ಟರೆ ಬೆಳಿಗ್ಗೆ ಕೆಂಪು ಬಂದಿರುತ್ತದೆ.

ಇನ್ನು ಮುಂದೆ ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡೂ ಬದಿ ಟೇಪಿನವರೆಗೆ ಉಜ್ಜಿ. ಕೊನೆಗೆ ಟೇಪ್ ತೆಗೆದು ಗೆರೆಗೆ 800ರಲ್ಲಿ ಹಗುರವಾಗಿ ಎರಡೇ ಸಲ ಎಳೆದರೆ ಸಾಕು.