ಅಕ್ಕನ ಮಗಗ ಥಲಸ್ಸೇಮಿಯಾ, ಈಗ ತಂಗಿನ್ನೂ ಅದ ಮನಿಗೆ ಕೊಡಬೇಕಂತಾರ, ಏನ್ ಮಾಡೋದ್ರಿ ಮೇಡಂ?

ಪ್ರಶ್ನೆ (ಸಿಂಧನೂರು ಕಡೆಯಿಂದ): ನಮಸ್ಕಾರ್ರಿ ಮೇಡಂ. ನಮ್ಮಕ್ಕನ್ನ ಅವ್ವನ ಸ್ವಂತ ತಮ್ಮಗ ಕೊಟ್ಟೇವ್ರಿ. ಅವರ ಮಗ ಎಂಟು ತಿಂಗಳಿದ್ದಾಗ ಬಿಳಿಚಿಕೊಂಡು ಹೊಟ್ಟಿ ಉಬ್ಬಿತ್ತು, ತೋರಿಸಿದ್ರ ಥಲಸ್ಸೇಮಿಯಾ ಮೇಜರ್, ಅಂದ್ರ ಮೈಯಾಗ ರಕ್ತ ಸರಿಯಾಗಿ ತಯಾರಾಗದ ಹುಟ್ಟುರೋಗ ಅಂದ್ರು, ಈಗ ನಾಕು ವರ್ಷ, ಮೂರು ವಾರಕ್ಕೊಮ್ಮೆ ರಾಯಚೂರಿಗೆ ಹೋಗಿ ರಕ್ತ ಹಾಕಿಸ್ಕೊಂಡು ಬರ್ತಾರ. ಈಗ ಅಜ್ಜಿ, ಸಣ್ಣ ಮಾವಗ ನಮ್ಮ ತಂಗಿನ್ನ ತಗೋಬೇಕಂತ ಹಟ ಹಿಡದಾಳ. ಅಕ್ಕ ಮಾವಂದು ಬ್ಲಡ್ ಗ್ರೂಪ್ ಒಂದ ಐತಿ ಅದಕ್ಕ ಹಿಂಗಾತು, ಇವರದು ಬ್ಯಾರೆ ಐತಿ ಏನೂ ಆಗಂಗಿಲ್ಲ ಅಂತಾರ ಮನ್ಯಾಗ. ಖರೇನ್ರಿ?

ಡಾಕ್ಟರ್ (ಮಕ್ಕಳ ವೈದ್ಯರು): ಬ್ಲಡ್ ಗ್ರೂಪಿಗೂ ಇದಕ್ಕೂ ಸಂಬಂಧನ ಇಲ್ಲ ತಮ್ಮಾ. ರಕ್ತದಾಗಿನ ಹಿಮೋಗ್ಲೋಬಿನ್ ಮಾಡೋ ಜೀನ್ ಪ್ರತಿಯೊಬ್ಬರಿಗೂ ಎರಡು ಕಡಿಂದ ಬರತೈತಿ, ಅವ್ವಂದೊಂದು ಅಪ್ಪಂದೊಂದು. ಒಂದು ಕೆಟ್ಟು ಇನ್ನೊಂದು ಚಲೋ ಇದ್ರ ಅವರು ಕ್ಯಾರಿಯರ್, ಆರಾಮ ಇರ್ತಾರ, ಹೆಚ್ಚಂದ್ರ ಸ್ವಲ್ಪ ರಕ್ತ ಕಮ್ಮಿ ಅಂತ ವರ್ಷಗಟ್ಟಲೆ ಐರನ್ ಗುಳಿಗಿ ನುಂಗ್ತಿರ್ತಾರ. ಎರಡೂ ಕೆಟ್ಟಿದ್ದು ಬಂದ ಕೂಸಿಗೆ ಮಾತ್ರ ಮೇಜರ್. ಅಂದ್ರ ನಿಮ್ಮಕ್ಕ, ಮಾವ ಇಬ್ಬರೂ ಕ್ಯಾರಿಯರ್. ಹಂಗಾದ್ರ ತಂಗಿಗೂ ಸಣ್ಣ ಮಾವಗೂ ಒಬ್ಬೊಬ್ಬರಿಗೆ ಕ್ಯಾರಿಯರ್ ಆಗಿರೋ ಚಾನ್ಸ್ ಕಮ್ಮಿ ಅಂದ್ರೂ ಅರ್ಧಕ್ಕರ್ಧ ಐತಿ. ನಿಶ್ಚಯ ಮಾಡೋಕಿಂತ ಮೊದಲ ಇಬ್ಬರಿಗೂ ಎಚ್‌ಪಿಎಲ್‌ಸಿ ಅನ್ನೋ ರಕ್ತ ಟೆಸ್ಟ್ ಮಾಡಸ್ರಿ, ಅದರಾಗ ಎಚ್‌ಬಿ ಎ2 (ಹಿಮೋಗ್ಲೋಬಿನ್‌ನಾಗಿನ ಒಂದು ಬಗಿ) ಸಾಮಾನ್ಯವಾಗಿ 3.5 ಪರ್ಸೆಂಟ್‌ಗಿಂತ ಜಾಸ್ತಿ ಬಂದ್ರ ಕ್ಯಾರಿಯರ್ ಅಂತ ನೋಡ್ತೀವಿ. ಐರನ್ ಭಾಳ ಕಮ್ಮಿ ಇದ್ರ ಈ ನಂಬರ್ ಕೆಳಗ ಬರಬಹುದು, ಅದಕ್ಕ ಐರನ್ನೂ ನೋಡಿಸ್ರಿ. ಇಬ್ಬರಾಗ ಒಬ್ಬರು ಕ್ಯಾರಿಯರ್ ಅಲ್ಲಂತ ಖಾತ್ರಿ ಆದ್ರ ಮಕ್ಕಳಿಗೆ ಮೇಜರ್ ಬರಂಗಿಲ್ಲ.

ಕುಷ್ಟಗಿಯಿಂದ ಒಬ್ಬರು: ನಮ್ಮ ಹಿರ್ಯಾರು ನಾಕು ತಲಿ ಒಳಗಿಂದೊಳಗ ಮದುವಿ ಮಾಡ್ಕೊಂಡಾರ, ಯಾರಿಗೇನಾಗೇತ್ರಿ?

ಡಾಕ್ಟರ್: ಕ್ಯಾರಿಯರ್ ಇದ್ದವರು ಗೊತ್ತಿಲ್ದಂಗ ತಲಿಮಾರು ದಾಟ್ತಾರ್ರಿ ಅಣ್ಣಾರ, ಇಬ್ಬರು ಕ್ಯಾರಿಯರ್ ಕೂಡಿದಾಗ ಮಾತ್ರ ಹೊರಗ ಬೀಳತೈತಿ. ಸಂಬಂಧ ಇಲ್ದ ಮದುವ್ಯಾಗೂ ಬರತೈತಿ, ಆದ್ರ ಸೋದರಮಾವ-ಸೊಸಿ ಅಂದ್ರ ಹತ್ರಹತ್ರ ಕಾಲುಭಾಗ ಜೀನ್ ಒಂದ ಬೇರಿಂದ ಬಂದಿರ್ತಾವ, ಅತ್ತಿ ಮಗ-ಮಾವನ ಮಗಳಾದ್ರ ಎಂಟರಾಗ ಒಂದು ಪಾಲು. ಅಡಗಿದ್ದ ಒಂದ ದೋಷ ಇಬ್ಬರಲ್ಲೂ ಇರೋ ಸಾಧ್ಯತೆ ಅಷ್ಟು ಜಾಸ್ತಿ. ನಮ್ಮ ಕಡಿ ಸೊಸಿನ್ನ ಬೈತಾರ, ನಿನ್ನಿಂದ ಬಂತು ಅಂತ. ಅದನ್ನ ಕೇಳಿದ್ರ ನನಗ ಭಾಳ ಸಂಕಟ ಆಗತೈತಿ, ಯಾಕಂದ್ರ ಗಂಡಿನ ಕಡಿಂದೂ ಒಂದು ಬರಲಾರ್ದ ಕೂಸಿಗೆ ಈ ರೋಗ ಬರೋದ ಇಲ್ಲ.

ಪ್ರಶ್ನೆ ಕೇಳಿದವರು: ಇನ್ನೊಂದ್ರಿ ಮೇಡಂ, ಅಕ್ಕಗ ಈಗ ಎರಡು ತಿಂಗಳು. ನಾಕು ಮಕ್ಕಳಾಗ ಒಂದಕ್ಕ ಈ ರೋಗ ಬರತೈತಿ ಅಂದಿದ್ರು ದವಾಖಾನ್ಯಾಗ, ಒಂದು ಬಂದು ಹೋತು, ಇನ್ನ ಮೂರಕ್ಕ ಬರಂಗಿಲ್ಲ ಅಲ್ರಿ?

ಡಾಕ್ಟರ್: ಅಯ್ಯೋ, ಹಂಗಲ್ಲಪ್ಪಾ! ಪ್ರತಿ ಬಸಿರಿಗೂ ಹೊಸದಾಗಿ ಚೀಟಿ ಎತ್ತಿದಂಗ, ಪ್ರತಿ ಸಲಾನೂ 25 ಪರ್ಸೆಂಟ್ ಮೇಜರ್, 50 ಪರ್ಸೆಂಟ್ ಕ್ಯಾರಿಯರ್, 25 ಪರ್ಸೆಂಟ್ ಏನೂ ಇಲ್ಲ. ಈ ವಾರನ ಕರ್ಕೊಂಡು ಹೋಗ್ರಿ. ಮೊದಲು ಗಂಡ ಹೆಂಡ್ತಿ ರಕ್ತದಾಗ ಜೀನಿನ ದೋಷ ಯಾವುದಂತ ಹುಡುಕಬೇಕು, ಆಮ್ಯಾಲೆ 11ರಿಂದ 13 ವಾರದೊಳಗ ಮಾಸಿನ ಸಣ್ಣ ಚೂರು ತಗದು ಕೂಸಿಗೆ ಐತೋ ಇಲ್ಲೋ ನೋಡ್ತಾರ, ಸಿವಿಎಸ್ ಅಂತಾರ. ಆ ಟೈಮ್ ತಪ್ಪಿದ್ರ 15 ವಾರ ದಾಟಿದ ಮ್ಯಾಲೆ ಗರ್ಭದ ನೀರು ತಗದು ನೋಡಬಹುದು, ಆದ್ರ ಅಲ್ಲಿತನಕ ಕಾಯೋದು ತಾಯಿಗೆ ಭಾಳ ಕಷ್ಟ. ರಿಪೋರ್ಟ್ ಬಂದ ಮ್ಯಾಲೆ ಏನು ಮಾಡಬೇಕನ್ನೋದು ಅಕ್ಕನ ತೀರ್ಮಾನ, ಮನ್ಯಾಗ ಯಾರೂ ಒತ್ತಾಯ ಮಾಡಬ್ಯಾಡ್ರಿ.

ಪ್ರಶ್ನೆ ಕೇಳಿದವರು: ಇವತ್ತ ಅಕ್ಕಗ ಫೋನ್ ಹಚ್ತೀನ್ರಿ. ತಂಗಿ, ಸಣ್ಣ ಮಾವ ಇಬ್ಬರನ್ನೂ ಸೋಮವಾರ ಕರ್ಕೊಂಡು ಹೋಗ್ತೀನಿ.

ಡಾಕ್ಟರ್: ಹುಡುಗನ ಫೈಲ್ ಮರೀಬ್ಯಾಡ್ರಿ, ಮೊದಲನೇ ಸಲ ರಕ್ತ ಹಾಕೋಕಿಂತ ಮುಂಚೆ ಮಾಡಿದ ರಿಪೋರ್ಟ್ ಇದ್ರ ಅದು ಮ್ಯಾಲ ಇರಲಿ.